ಕಾದ ನೀರು, ಕಾದ ರಾಜ

ರಾಜಗೀರ್‌ನ ಬಿಸಿನೀರಿನ ಕುಂಡದ ಮುಂದೆ ನಿಂತಿರೋ ನಮ್ಮ ಫೋಟೋ ಹಾಕಿದ ಮೇಲೆ ಇನ್‌ಬಾಕ್ಸ್‌ಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ತರ ಇದ್ವು. "ಬುದ್ಧಗಯೆಗೆ ಹೋದ್ರಿ ಸರಿ, ನಳಂದಕ್ಕೆ ಹೋದ್ರಿ ಸರಿ. ಪಂಡಾಗಳು ಕೂತಿರೋ ಕುಂಡಕ್ಕೆ ಯಾಕೆ ಹೋದ್ರಿ ಅಣ್ಣ? ಪಾಪ ತೊಳ್ಕೊಳೋಕಾ?"

ಕೇಳಿದವರೆಲ್ಲ ನಮ್ಮ ಹುಡುಗರೇ. ಪ್ರೀತಿಯಿಂದಲೇ ಕೇಳಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಕೊಡೋ ಬದಲು ಇಲ್ಲೇ ಬರೀತಿದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹಾರೋಹಳ್ಳಿ, ಕನಕಪುರ, ರಾಮನಗರದ ಕಡೆಯಿಂದ ನಾವು 19 ಜನ ಹೋಗಿದ್ವಿ. ಬೆಂಗಳೂರಿನಿಂದ ಪಟ್ನಾ ಕಡೆಗೆ ಹೋಗೋ ರೈಲಿನ ಹೆಸರು ಸಂಘಮಿತ್ರಾ ಎಕ್ಸ್‌ಪ್ರೆಸ್. ಬೋಧಿವೃಕ್ಷದ ಕೊಂಬೆ ಹಿಡ್ಕೊಂಡು ಸಿಂಹಳಕ್ಕೆ ಹೋದ ಭಿಕ್ಕುಣಿ, ಅಶೋಕನ ಮಗಳು, ಆ ಸಂಘಮಿತ್ರೆಯ ಹೆಸರು. ಆ ರೈಲಲ್ಲಿ ಇವತ್ತು ತುಂಬಿ ತುಳುಕೋದು ಬೆಂಗಳೂರಿನ ಕಟ್ಟಡಗಳಲ್ಲಿ, ನಮ್ಮ ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳಲ್ಲಿ ದುಡಿದು ಊರಿಗೆ ಹೋಗೋ ಬಿಹಾರದ ಹುಡುಗರು. ನಮ್ಮ ಬೋಗಿಯಲ್ಲಿದ್ದ ಒಬ್ಬ ಹುಡುಗ ಹಾರೋಹಳ್ಳಿ ಬಸ್ ಸ್ಟ್ಯಾಂಡ್ ಹತ್ರದ ಟೀ ಅಂಗಡಿಗಳ ಹೆಸರೆಲ್ಲ ಹೇಳಿ ನಮ್ಮವ್ವನ ಹತ್ರ ರೊಟ್ಟಿ ಇಸ್ಕೊಂಡು ತಿಂದ.

ಹೌದು, ಈ ಸಲ ಅವ್ವನೂ ಬಂದಿದ್ಲು. ಈ ಪೋಸ್ಟ್ ಬರೀತಿರೋದೂ ಅವಳಿಂದಾನೇ.

ಹೊರಗಿನವರಿಗೆ ಬಿಸಿನೀರು ಅಂದ್ರೆ ಸ್ನಾನ, ಸುಖ. ರಾಮನಗರ ಕಡೆಯ ಹೆಂಗಸರಿಗೆ ಬಿಸಿನೀರು ಅಂದ್ರೆ ರೇಷ್ಮೆ. ನಮ್ಮವ್ವ 22 ವರ್ಷ ಫಿಲೇಚರ್‌ನಲ್ಲಿ ನೂಲು ಬಿಚ್ಚಿದವಳು. ಬೆಳಿಗ್ಗೆ ಕತ್ತಲಲ್ಲೇ ಎದ್ದು, ಬಸ್ ಹತ್ತಿ ಹೋಗಿ, ಬೇಸನ್ ಮುಂದೆ ಕೂತರೆ ಸಂಜೆವರೆಗೂ ಕೈ ನೀರಲ್ಲೇ. ಗೂಡನ್ನ ಕುದಿಯೋ ನೀರಲ್ಲಿ ಬೇಯಿಸಿ, ಬಿಸಿನೀರಿನ ಬೇಸನ್‌ಗೆ ಹಾಕ್ತಾರೆ. ಅದರೊಳಗೆ ಬೆರಳಾಡಿಸಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆಯ ತುದಿ ಹುಡುಕಿ ಎತ್ತಿ ಕೊಡಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ. ತುಂಡಾದ್ರೆ ಮತ್ತೆ ಹುಡುಕಬೇಕು. ಬೆರಳ ತುದಿಯ ಚರ್ಮ ಬೆಳ್ಳಗೆ ಊದ್ಕೊಂಡು, ಬಿರುಕು ಬಿಟ್ಟು, ಮನೆಗೆ ಬಂದು ಸಾರಿಗೆ ಹುಳಿ ಕಿವುಚಿದ್ರೆ ಉರಿ. ಮೈಯೆಲ್ಲ ಬೆಂದ ಹುಳದ ವಾಸನೆ. ನಾವು ಚಿಕ್ಕವರಿದ್ದಾಗ ಆ ವಾಸನೆಯೇ ಅಮ್ಮನ ವಾಸನೆ ಅಂದ್ಕೊಂಡಿದ್ವಿ.

ತಣ್ಣೀರಿನ ಕತೆ ಬೇರೆ. ನಮ್ಮೂರಿನ ಸೇದೋ ಬಾವಿಯ ಹಗ್ಗವನ್ನ ಕೇರಿಯ ಹೆಂಗಸರು ಮುಟ್ಟಂಗಿರಲಿಲ್ಲ. ಕೊಡ ಇಟ್ಟು ದೂರ ನಿಂತ್ಕೋಬೇಕು. ಊರೊಳಗಿನ ಹೆಂಗಸು ಯಾರಾದ್ರೂ ಬಂದು, ತನ್ನ ಕೊಡ ತುಂಬಿಸ್ಕೊಂಡ ಮೇಲೆ, ಮನಸ್ಸು ಬಂದ್ರೆ ಮೇಲಿಂದ ಸುರಿಯೋಳು. ಮನಸ್ಸು ಬರ್ಲಿಲ್ಲ ಅಂದ್ರೆ ಇನ್ನೊಬ್ಬಳು ಬರೋವರೆಗೆ ಕಾಯೋದು. ಅವ್ವ ಹೇಳೋಳು: "ನೀರು ಹೊರೋದು ಕಷ್ಟ ಅಲ್ಲ ಮಗಾ. ಕಾಯೋದು ಕಷ್ಟ. ಖಾಲಿ ಕೊಡ ತುಂಬಿದ ಕೊಡಕ್ಕಿಂತ ಭಾರ."

ಆಮೇಲೆ ಬೋರ್‌ವೆಲ್ ಬಂತು, ತೊಂಬೆ ಬಂತು, ಬಾವಿ ಹಾಳುಬಿತ್ತು. ಅವ್ವನ ಮೈಯೊಳಗಿನ ಕಾಯೋ ಅಭ್ಯಾಸ ಮಾತ್ರ ಹೋಗ್ಲಿಲ್ಲ.

ಈಗ ರಾಜಗೀರ್‌ಗೆ ಬರ್ತೀನಿ. ಬುದ್ಧಗಯೆಯಿಂದ ಸುಮಾರು 70 ಕಿಲೋಮೀಟರ್. ಜನವರಿಯ ಚಳಿ. ಬೆಳಿಗ್ಗೆ 5 ಗಂಟೆಗೆ ಎರಡು ಗಾಡಿ ಮಾಡ್ಕೊಂಡು ಹೊರಟಾಗ ಮುಂದಿನ ರಸ್ತೆ ಕಾಣ್ತಿರಲಿಲ್ಲ, ಅಷ್ಟು ಮಂಜು. ರಾಜಗೀರ್ ಅಂದ್ರೆ ಹಳೆಯ ರಾಜಗೃಹ, ಬಿಂಬಿಸಾರ ಆಳಿದ ಮಗಧದ ರಾಜಧಾನಿ. ಸುತ್ತ ಬೆಟ್ಟ, ಬೆಟ್ಟದ ಮೇಲೆ ದೊಡ್ಡ ದೊಡ್ಡ ಕಲ್ಲು ಪೇರಿಸಿದ ಹಳೇ ಕೋಟೆಗೋಡೆ, ನಡುವೆ ಊರು. ವೈಭಾರ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳು. ಸಪ್ತಧಾರಾ ಅಂತಾರೆ, ಗೋಡೆಯ ಬಾಯಿಗಳಿಂದ ನೀರು ಧಾರೆಧಾರೆಯಾಗಿ ಬೀಳುತ್ತೆ. ಎಲ್ಲಕ್ಕಿಂತ ಬಿಸಿ ಬ್ರಹ್ಮಕುಂಡ, ಸುಮಾರು 45 ಡಿಗ್ರಿ.

ಬೆಂಕಿ ಬೆಟ್ಟ ಏನೂ ಅಲ್ಲಿಲ್ಲ. ಮಳೆನೀರು ಬಂಡೆಯ ಬಿರುಕಲ್ಲಿ ಆಳಕ್ಕೆ ಇಳಿಯುತ್ತೆ. ಆಳಕ್ಕೆ ಹೋದಷ್ಟೂ ಭೂಮಿ ಬಿಸಿ. ಕಾದ ನೀರು ಇನ್ನೊಂದು ಬಿರುಕು ಹಿಡಿದು ಮೇಲಕ್ಕೆ ಬರುತ್ತೆ. ನಮ್ಮ ರಾಜ್ಯದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರೋ ಬೆಂದ್ರ್ ತೀರ್ಥವೂ ಇಂಥದ್ದೇ ಬಿಸಿನೀರಿನ ಬುಗ್ಗೆ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಭೂಮಿ ಕಾಯಿಸಿದ ನೀರಿಗೆ ಜನ ಆಮೇಲೆ ಒಂದೊಂದು ಪುರಾಣ ಕಟ್ಟಿದ್ರು, ಬಾಗಿಲು ಹಾಕಿದ್ರು, ದಕ್ಷಿಣೆ ತಟ್ಟೆ ಇಟ್ಟರು. ರಾಜಗೀರ್‌ನಲ್ಲೇ ಸ್ವಲ್ಪ ಆಚೆ ಮಖ್ದೂಮ್ ಕುಂಡ ಇದೆ, ಅಲ್ಲಿ ಸೂಫಿ ಸಂತರ ನೆನಪು. ನೆಲದೊಳಗಿನ ನೀರಿಗೆ ಯಾರು ಯಾವ ಹೆಸರಿಟ್ಟರು ಅನ್ನೋದು ಗೊತ್ತಿರಲ್ಲ.

ಮೆಟ್ಟಿಲ ಹತ್ರ ಒಬ್ಬ ಪಂಡಾ ಬಂದು ಅವ್ವನ ಮುಂದೆ ನಿಂತು ಹೆಸರು, ಗೋತ್ರ ಕೇಳಿದ.

"ಗೋತ್ರ ಅಂದ್ರೇನ್ಲಾ?" ಅಂದ್ಲು ಅವ್ವ.

"ಯಾವ ವಂಶ ಅಂತ ಕೇಳ್ತಾವ್ನೆ."

"ನೀರು ಉಯ್ಕೊಳಕ್ಕೆ ವಂಶ ಯಾಕ್ಲಾ? ಮೈ ಇದ್ರೆ ಸಾಲ್ದಾ? ಮೈ ತಂದಿವ್ನಿ ಅಂತ ಯೇಳು."

ನಮ್ಮಲ್ಲಿ ಹಿಂದಿ ಬರೋ ಹುಡುಗ ಹಾಗೇ ಹೇಳಿದ. ಪಂಡಾ ನಕ್ಕು ಪಕ್ಕದ ಕುಟುಂಬದ ಕಡೆ ತಿರುಗಿದ.

ಹೆಂಗಸರ ಕಡೆ ನಡೆದದ್ದನ್ನ ನನ್ನ ಹೆಂಡತಿ ಆಮೇಲೆ ಹೇಳಿದ್ಲು. ಧಾರೆಯ ಮುಂದೆ ಸಾಲು ಇತ್ತಂತೆ. ಅವ್ವನ ಸರದಿ ಬಂತು. ಅವ್ವ ಮುಂದೆ ಹೋಗ್ಲಿಲ್ಲ. ಸೆರಗು ಮುದುರ್ಕೊಂಡು ಗೋಡೆಗೆ ಒತ್ತಿ ನಿಂತ್ಲಂತೆ. ಹಿಂದಿದ್ದವರು ಒಬ್ಬೊಬ್ಬರೇ ದಾಟಿ ಹೋದ್ರು. ನಾಲ್ಕು ಜನ ಹೋದ ಮೇಲೆ ಐದನೆಯವಳು, ಯಾರೋ ಬಿಹಾರದ ಹಳ್ಳಿ ಹೆಂಗಸು, ಕೈತುಂಬ ಹಸಿರು ಬಳೆ, ಅವ್ವನ ರಟ್ಟೆ ಹಿಡಿದು "ಚಲೋ ಮಾಯಿ, ಆಗೇ" ಅಂತ ಧಾರೆಯ ಕೆಳಗೆ ತಂದು ನಿಲ್ಲಿಸಿದಳಂತೆ. ರಟ್ಟೆ ಹಿಡಿದವಳ ಜಾತಿ ಯಾವುದೋ, ಅವ್ವನ ಜಾತಿ ಅವಳಿಗೆ ಗೊತ್ತಾಗಿದ್ರೆ ಏನು ಮಾಡ್ತಿದ್ಲೋ, ಅದು ಬೇರೆ ಮಾತು. ಆ ಗಳಿಗೆ ಅವಳು ಹಿಡಿದದ್ದು ಒಬ್ಬ ವಯಸ್ಸಾದ ಹೆಂಗಸಿನ ಕೈ.

ಅವ್ವ ಮೊದಲು ತಲೆ ಒಡ್ಡಲಿಲ್ಲ. ಎರಡೂ ಅಂಗೈ ಚಾಚಿ ಸುಮಾರು ಹೊತ್ತು ಹಿಡಿದಳಂತೆ.

ಹೊರಗೆ ಬಂದ ಮೇಲೆ ಹೆಂಗಿತ್ತು ಅಂತ ಕೇಳಿದೆ. "ಬೇಸನ್ ನೀರಿನಷ್ಟೇ ಬಿಸಿ ಕಣ್ಲಾ. ಆದ್ರೆ ಇಲ್ಲಿ ಎಳೆ ಹುಡುಕಂಗಿಲ್ಲ" ಅಂದ್ಲು.

ಕುಂಡದಿಂದ ನಡೆದು ಹೋಗೋಷ್ಟು ದೂರದಲ್ಲೇ ವೇಳುವನ, ಬಿದಿರಿನ ತೋಪು. ಬಿಂಬಿಸಾರ ಬುದ್ಧನಿಗೂ ಸಂಘಕ್ಕೂ ಕೊಟ್ಟ ಜಾಗ. ಅಲ್ಲಿ ಬಿಸಿಲು ಕಾಯಿಸ್ತಾ ಕೂತಾಗ, ವಿನಯಪಿಟಕದಲ್ಲಿರೋ ಒಂದು ಕತೆಯನ್ನ ಎಲ್ಲರಿಗೂ ಹೇಳಿದೆ. ನಿಮಗೂ ಹೇಳ್ತೀನಿ. ಕುಂಡಕ್ಕೆ ಯಾಕೆ ಹೋದ್ರಿ ಅನ್ನೋದಕ್ಕೆ ಉತ್ತರ ಇದರಲ್ಲೇ ಇದೆ.

ಪಾಲಿಯಲ್ಲಿ ಈ ಬಿಸಿನೀರಿನ ಹೆಸರು ತಪೋದಾ. ಒಂದು ದಿನ ಬಿಂಬಿಸಾರ ತಲೆ ಸ್ನಾನ ಮಾಡೋಣ ಅಂತ ತಪೋದಾಕ್ಕೆ ಬಂದ. ಬಂದು ನೋಡಿದ್ರೆ ಭಿಕ್ಕುಗಳು ಸ್ನಾನ ಮಾಡ್ತಿದ್ದಾರೆ. ರಾಜ ಅವರನ್ನ ಎಬ್ಬಿಸ್ಲಿಲ್ಲ. ಅವರದ್ದು ಮುಗಿಯಲಿ ಅಂತ ಒಂದು ಪಕ್ಕದಲ್ಲಿ ನಿಂತು ಕಾದ. ಭಿಕ್ಕುಗಳು ಕತ್ತಲಾಗೋವರೆಗೂ ನೀರಲ್ಲೇ ಇದ್ರು. ರಾಜ ಆಮೇಲೆ ಹೊತ್ತಲ್ಲದ ಹೊತ್ತಲ್ಲಿ ಸ್ನಾನ ಮಾಡಿ ವಾಪಸ್ ಹೋದರೆ ಊರ ಬಾಗಿಲು ಹಾಕಿತ್ತು. ತನ್ನದೇ ರಾಜಧಾನಿಯ ಹೊರಗೆ ರಾತ್ರಿ ಕಳೆದ.

ಇಲ್ಲಿಗೆ ಬಂದಾಗ ಅವ್ವ ತಡೆದ್ಲು. "ರಾಜ ಕಾದ್ನಾ? ಊರಾಚೆ ಮಲಗಿದ್ನಾ?"

"ಹೂಂ ಅವ್ವ."

"ಒಂದ್ ರಾತ್ರಿ ತಾನೆ" ಅಂದ್ಲು. ಎಲ್ಲ ನಕ್ರು. ನಕ್ಕ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಮಾರನೇ ಬೆಳಿಗ್ಗೆ ರಾಜ ಬುದ್ಧನ ಹತ್ರ ಹೋದ. ವಿಷಯ ಗೊತ್ತಾಗಿ ಬುದ್ಧ ಬೈದದ್ದು ಭಿಕ್ಕುಗಳನ್ನ. ಅಳತೆ ಗೊತ್ತಿಲ್ವಾ ನಿಮಗೆ ಅಂತ. ಹದಿನೈದು ದಿನಕ್ಕೊಂದು ಸ್ನಾನ ಅಂತ ನಿಯಮ ಮಾಡಿದ. ಆಮೇಲೆ ಆ ನಿಯಮಕ್ಕೆ ವಿನಾಯಿತಿಗಳು ಬಂದ್ವು. ಬೇಸಿಗೆಯ ಸೆಕೆಯಲ್ಲಿ, ಕಾಯಿಲೆಯಲ್ಲಿ, ಪ್ರಯಾಣ ಮಾಡಿದಾಗ, ಗಾಳಿಮಳೆಯಲ್ಲಿ ಸಿಕ್ಕಿಕೊಂಡಾಗ, ಮತ್ತೆ ಕೆಲಸ ಮಾಡಿದಾಗ ಸ್ನಾನ ಮಾಡಬಹುದು.

ಗೆಳೆಯರೇ, ಇದನ್ನ ನಿಧಾನಕ್ಕೆ ನೋಡಿ. ರಾಜ ಮೊದಲು, ನೀವು ಆಮೇಲೆ ಅಂತ ಬುದ್ಧ ಹೇಳಲಿಲ್ಲ. ಇಂಥ ಕುಲದವರು ಈ ಧಾರೆ, ಅಂಥ ಕುಲದವರು ಆ ಧಾರೆ ಅಂತಲೂ ಹೇಳಲಿಲ್ಲ. ನಿಯಮದಲ್ಲಿ ಹುಟ್ಟಿನ ಮಾತೇ ಇಲ್ಲ. ಇರೋದು ಮೈಯ ಮಾತು. ದುಡಿದ ಮೈ, ನಡೆದ ಮೈ, ನೊಂದ ಮೈ. ಅವ್ವ ಮೆಟ್ಟಿಲ ಹತ್ರ ಪಂಡಾಗೆ ಹೇಳಿದ್ದೂ ಅದನ್ನೇ. ಅವಳು ಪಿಟಕ ಓದಿಲ್ಲ.

ಈ ಕತೆಯನ್ನ ನಮ್ಮ ತನಕ ತಲುಪಿಸಿದವರು ಯಾರು? ಬುದ್ಧನ ನಿಧನದ ನಂತರ ಮೊದಲ ಸಂಗೀತಿ, ಅಂದ್ರೆ ಭಿಕ್ಕುಗಳ ಮಹಾಸಭೆ, ನಡೆದದ್ದು ಇದೇ ರಾಜಗೃಹದಲ್ಲಿ. ಕುಂಡದ ಮೇಲಿನ ವೈಭಾರ ಬೆಟ್ಟದ ಸಪ್ತಪರ್ಣಿ ಗುಹೆಯ ಹತ್ತಿರ ಅಂತ ಸಂಪ್ರದಾಯ. ಆ ಸಭೆಯಲ್ಲಿ ವಿನಯವನ್ನೆಲ್ಲ ಬಾಯಲ್ಲಿ ಒಪ್ಪಿಸಿದವನು ಉಪಾಲಿ. ಕ್ಷೌರಿಕ ಉಪಾಲಿ. ಶಾಕ್ಯ ರಾಜಕುಮಾರರ ತಲೆ ಬೋಳಿಸ್ತಿದ್ದವನು ಸಂಘದ ಸಂವಿಧಾನವನ್ನ ನಾಲಿಗೆ ಮೇಲೆ ಇಟ್ಕೊಂಡಿದ್ದ.

ಇದೇ ಊರಲ್ಲಿ ಇನ್ನೊಬ್ಬನಿದ್ದ. ಸುನೀತ. ಬಾಡಿದ ಹೂವು, ಕಸ ಗುಡಿಸಿ ಹೊರೋ ಪುಕ್ಕುಸ ಕುಲದವನು. ಬುದ್ಧ ಭಿಕ್ಕುಗಳ ಜೊತೆ ನಗರದೊಳಗೆ ಬರ್ತಿದ್ದಾಗ ಸುನೀತ ಎದುರಿಗೆ ಸಿಕ್ಕ. ಹೆಗಲ ಮೇಲಿನ ಅಡ್ಡೆ ಕೆಳಗಿಟ್ಟು ಹತ್ತಿರ ಹೋದ. ಬುದ್ಧ ಅವನಿಗೋಸ್ಕರ ನಿಂತ. ಸಂಘಕ್ಕೆ ಸೇರಿಸ್ಕೊಂಡ. ಥೇರಗಾಥೆಯಲ್ಲಿ ಇದನ್ನ ಸುನೀತನೇ ತನ್ನ ಬಾಯಲ್ಲಿ ಹೇಳ್ಕೊಂಡಿದ್ದಾನೆ: ನಾನು ಕೀಳು ಕುಲದಲ್ಲಿ ಹುಟ್ಟಿದೆ, ಬಡತನ ಇತ್ತು, ಜನ ಹೀಗಳೀತಿದ್ರು ಅಂತ. ನಮ್ಮ ಜಿಲ್ಲೆಯ ಮಂಚನಬೆಲೆಯವರಾದ ಸಿದ್ದಲಿಂಗಯ್ಯ 'ಊರುಕೇರಿ' ಬರೆದಾಗ ದಲಿತ ಆತ್ಮಕಥೆ ಕನ್ನಡದಲ್ಲಿ ದೊಡ್ಡ ಸುದ್ದಿಯಾಯ್ತು. ನನ್ನ ಲೆಕ್ಕದಲ್ಲಿ ಆ ಸಾಲು ಶುರುವಾಗೋದು ರಾಜಗೃಹದ ಕಸ ಗುಡಿಸೋ ಸುನೀತನಿಂದ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಉಪಾಲಿಗೂ ಸುನೀತನಿಗೂ ಬೇರೆಬೇರೆ ಜಾಗ ಕೊಟ್ಟು ಬರೆದಿದ್ದು ಸುಮ್ಮನೆ ಅಲ್ಲ. 1957ರಲ್ಲಿ, ಅವರು ತೀರಿಹೋದ ಮೇಲೆ ಅಚ್ಚಾದ ಪುಸ್ತಕ ಅದು. ಮನೆಯಲ್ಲಿ ಇದ್ರೆ ಇವತ್ತೇ ಆ ಪುಟಗಳನ್ನ ಮಕ್ಕಳಿಂದ ಜೋರಾಗಿ ಓದಿಸಿ.

ರಾಜ ಭಿಕ್ಕುಗಳಿಗೆ ಕಾದ. ಬುದ್ಧ ಕಸದವನಿಗಾಗಿ ನಿಂತ. ಎರಡೂ ಒಂದೇ ಊರಿನ ಕತೆ. ಅದಕ್ಕೇ ಆ ಕುಂಡಕ್ಕೆ ಹೋದ್ವಿ. ಪಾಪ ತೊಳ್ಕೊಳೋಕಲ್ಲ, ನಮ್ಮ ವಿಳಾಸ ನೋಡ್ಕೊಂಡು ಬರೋಕೆ.

ಮಧ್ಯಾಹ್ನ ನಳಂದಕ್ಕೆ ಹೋದ್ವಿ. ರಾಜಗೀರ್‌ನಿಂದ 12 ಕಿಲೋಮೀಟರ್. 5ನೇ ಶತಮಾನದಲ್ಲಿ ಗುಪ್ತರ ಕುಮಾರಗುಪ್ತನ ಕಾಲದಲ್ಲಿ ಶುರುವಾಗಿ ಸುಮಾರು 700 ವರ್ಷ ನಡೆದ ಮಹಾವಿಹಾರ. 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸ್ತು. ಕೆಂಪು ಇಟ್ಟಿಗೆಯ ಸಾಲುಸಾಲು ಕೋಣೆ, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ನೀರು ಹೋಗೋಕೆ ಚರಂಡಿ, ಗೋಡೆಯಲ್ಲಿ ದೀಪ ಇಡೋ ಗೂಡು. ಹ್ಯೂಯೆನ್ ತ್ಸಾಂಗ್ 7ನೇ ಶತಮಾನದಲ್ಲಿ ಇಲ್ಲಿ ಓದಿದವನು. ಬಾಗಿಲಲ್ಲೇ ಕಠಿಣ ಪ್ರಶ್ನೆ ಕೇಳ್ತಿದ್ರು, ಹತ್ತರಲ್ಲಿ ಏಳೆಂಟು ಜನ ಉತ್ತರ ಗೊತ್ತಿಲ್ಲದೆ ವಾಪಸ್ ಹೋಗ್ತಿದ್ರು ಅಂತ ಬರೆದಿದ್ದಾನೆ.

ಅವ್ವ ಕೋಣೆಗಳನ್ನ ಜಾಸ್ತಿ ನೋಡಲಿಲ್ಲ. ಅಂಗಳದ ಬಾವಿ ನೋಡಿದ್ಲು, ಹಳೇ ಒಲೆಯ ಗುರುತು ನೋಡಿದ್ಲು. "ಇಷ್ಟು ಜನಕ್ಕೆ ನೀರು ಸೇದ್ತಿದ್ದೋರು ಯಾರ್ಲಾ? ಅನ್ನ ಬೇಯಿಸ್ತಿದ್ದೋರು ಯಾರು?" ಅಂದ್ಲು.

ಒಳ್ಳೇ ಪ್ರಶ್ನೆ. ವಿಹಾರದ ಖರ್ಚಿಗೆ ರಾಜ 100 ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿದ್ದ, ಆ ಹಳ್ಳಿಗಳ ಮನೆಗಳಿಂದ ದಿನಾ ಅಕ್ಕಿ, ಹಾಲು, ಬೆಣ್ಣೆ ಬರ್ತಿತ್ತು ಅಂತ ಹ್ಯೂಯೆನ್ ತ್ಸಾಂಗ್‌ನ ಜೀವನ ಚರಿತ್ರೆ ಹೇಳುತ್ತೆ. ಪಂಡಿತರ ಹೆಸರು ಉಳಿದಿವೆ: ಧರ್ಮಪಾಲ, ಶೀಲಭದ್ರ. ಅಕ್ಕಿ ಬೆಳೆದವರ, ಇಟ್ಟಿಗೆ ಸುಟ್ಟವರ, ಬೇಯಿಸಿ ಹಾಕಿದವರ ಹೆಸರು ಒಂದೂ ಇಲ್ಲ. ಮ್ಯೂಸಿಯಂನಲ್ಲಿ ಗಾಜಿನೊಳಗೆ ಸುಟ್ಟು ಕರಕಲಾದ ಅಕ್ಕಿ ಇಟ್ಟಿದ್ದಾರೆ. ಅಲ್ಲಿ ನಮ್ಮವರಿಗೆ ಸಾಕ್ಷಿ ಅಂತ ಇದ್ರೆ ಅದು ಆ ಅಕ್ಕಿ. ನಳಂದ ನಮ್ಮದು ಅಂತ ಎದೆ ತಟ್ಟಿಕೊಳ್ಳೋವಾಗ ಅವ್ವನ ಪ್ರಶ್ನೆಯನ್ನೂ ಜೊತೆಗೆ ಇಟ್ಕೋಬೇಕು. ಬುದ್ಧನ ಹೆಸರಿನ ಸಂಸ್ಥೆಗೂ ಕೇಳಬೇಕಾದ ಪ್ರಶ್ನೆ ಅದು.

ನಳಂದದ ಕೊನೆಗಾಲದ ಒಂದು ಸಂಗತಿ ಹೇಳ್ತೀನಿ, ಮನಸ್ಸು ಗಟ್ಟಿಯಾಗುತ್ತೆ. 1235ರ ಆಸುಪಾಸಿನಲ್ಲಿ ಧರ್ಮಸ್ವಾಮಿನ್ ಅನ್ನೋ ಟಿಬೆಟಿನ ಭಿಕ್ಕು ಇಲ್ಲಿಗೆ ಬಂದ. ದಾಳಿಗಳು ಆಗಿಹೋಗಿದ್ವು, ಬಹುಪಾಲು ಕಟ್ಟಡ ಹಾಳಾಗಿತ್ತು. ಆದ್ರೂ ರಾಹುಲ ಶ್ರೀಭದ್ರ ಅನ್ನೋ 90 ದಾಟಿದ ಮೇಷ್ಟ್ರು 70 ಜನ ಮಕ್ಕಳಿಗೆ ಪಾಠ ಮಾಡ್ತಾ ಇದ್ರು. ಸೈನಿಕರು ಮತ್ತೆ ಬರ್ತಿದ್ದಾರೆ ಅಂತ ಸುದ್ದಿ ಬಂದಾಗ ಎಲ್ಲರೂ ಓಡಿದ್ರು. ಧರ್ಮಸ್ವಾಮಿನ್ ತನ್ನ ಮೇಷ್ಟ್ರನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಬಚ್ಚಿಟ್ಟ. ನಮ್ಮ ಕೇರಿಗಳಲ್ಲಿ ಸಂಜೆ ಪಾಠ ಹೇಳ್ಕೊಡೋ ಹುಡುಗ ಹುಡುಗಿಯರೇ, ಕರೆಂಟಿಲ್ಲ, ಕಟ್ಟಡ ಇಲ್ಲ ಅಂತ ಬೇಜಾರಾದಾಗ ಆ ಮುದುಕನನ್ನ ನೆನೆಸ್ಕೊಳ್ಳಿ.

ಈಗ ನಮ್ಮ ಕಾಲಕ್ಕೆ ಬರೋಣ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದ್ರು. ಆಮೇಲೆ ಅಲ್ಲಿನ ಸವರ್ಣೀಯರು 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನ "ಶುದ್ಧ" ಮಾಡಿದ್ರು. 95 ವರ್ಷ ಆದ ಮೇಲೆ, 2022ರ ನವೆಂಬರ್‌ನಲ್ಲಿ, ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಂಗಸೊಬ್ಬಳು ತೊಂಬೆಯ ನೀರು ಕುಡಿದಳು ಅಂತ ಅಷ್ಟೂ ನೀರು ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. 95 ವರ್ಷದಲ್ಲಿ ಕೆರೆ ಹೋಗಿ ಸಿಮೆಂಟ್ ತೊಂಬೆ ಬಂತು. ಗಂಜಲ ಅದೇ.

ನಮ್ಮ ಸಂವಿಧಾನದ 15ನೇ ವಿಧಿ ಓದಿ ನೋಡಿ. ಬಾವಿ, ಕೆರೆ, ಸ್ನಾನಘಟ್ಟ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. ಸಮಾನತೆ ಅನ್ನೋ ದೊಡ್ಡ ಮಾತು ಬರೆದು ಸುಮ್ಮನಾಗಬಹುದಿತ್ತು. ಬಾವಿಯ ಹತ್ರ ಕಾದು ನಿಂತವರಿಗೆ ಗೊತ್ತು, ಹೆಸರು ಹಿಡಿದು ಬರೀದಿದ್ರೆ ಏನಾಗುತ್ತೆ ಅಂತ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯಲ್ಲೂ ನೀರಿನ ಮೂಲ, ಸ್ನಾನಘಟ್ಟ ಬಳಸೋದಕ್ಕೆ ಅಡ್ಡಿ ಮಾಡೋದು ಅಪರಾಧ ಅಂತ ಬಿಡಿಸಿ ಹೇಳಿದ್ದಾರೆ.

ಈಗಿನ ಅಸ್ಪೃಶ್ಯತೆ ಯಾವಾಗಲೂ ಬೋರ್ಡ್ ಹಾಕ್ಕೊಂಡು ಬರಲ್ಲ. "ಸ್ವಲ್ಪ ತಡಿ" ಅನ್ನೋ ಮಾತಲ್ಲಿ ಬರುತ್ತೆ. "ಅವರದ್ದು ಆಗ್ಲಿ" ಅನ್ನೋದ್ರಲ್ಲಿ ಬರುತ್ತೆ. ಹೋಟೆಲಲ್ಲಿ ಎಲ್ಲರಿಗೂ ಸ್ಟೀಲ್ ಲೋಟ ಕೊಟ್ಟು ನಮ್ಮವನಿಗೆ ಪೇಪರ್ ಕಪ್ ತರೋವರೆಗೆ ಕಾಯಿಸೋದ್ರಲ್ಲಿ ಬರುತ್ತೆ. ಯಾರೂ ಬೈಯಲ್ಲ, ಹೊಡೆಯಲ್ಲ. ಕಾಯಿಸ್ತಾರೆ ಅಷ್ಟೇ. ಕಾದು ಕಾದು ಕೊನೆಗೆ ಯಾರೂ ತಡೀದೇ ಇದ್ರೂ ನಮ್ಮ ಮೈಯೇ ಗೋಡೆಗೆ ಒತ್ತಿ ನಿಲ್ಲುತ್ತೆ. ಕಾನೂನು ಬಾವಿಯ ಹಗ್ಗ ಬಿಡಿಸಿ ಕೊಡಬಹುದು. ಮೈಯೊಳಗಿನ ಈ ಗಂಟನ್ನ ನಾವೇ ಒಬ್ಬರಿಗೊಬ್ಬರು ರಟ್ಟೆ ಹಿಡಿದು ಬಿಡಿಸಬೇಕು.

ಅದಕ್ಕೆ ಒಂದು ಕೆಲಸ ಹೇಳ್ತೀನಿ. ಹಾರೋಹಳ್ಳಿ, ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ ತಾಲ್ಲೂಕಿನ ಗೆಳೆಯರು ನಿಮ್ಮ ನಿಮ್ಮ ಊರಲ್ಲಿ ನೀರಿರೋ ಜಾಗಗಳನ್ನ ಒಂದು ಸಲ ನೋಡ್ಕೊಂಡು ಬನ್ನಿ. ತೊಂಬೆ, ಶುದ್ಧ ನೀರಿನ ಘಟಕ, ಕೆರೆ, ಕಲ್ಯಾಣಿ, ದೇವಸ್ಥಾನದ ನಲ್ಲಿ, ಶಾಲೆಯ ಬಿಸಿಯೂಟದ ನೀರಿನ ಡ್ರಮ್ಮು, ಹೋಟೆಲಿನ ಲೋಟ. ಅಲ್ಲಿ ಯಾರು ಯಾರಿಗೋಸ್ಕರ ಕಾಯ್ತಾರೆ ಅಂತ ನಿಂತು ಗಮನಿಸಿ. ಊರು, ಜಾಗ, ತಾರೀಕು ಬರೆದು ನನಗೆ ಕಳಿಸಿ. ತೊಂದರೆ ಆಗುತ್ತೆ ಅನ್ನೋರ ಹೆಸರು ಹೊರಗೆ ಬರಲ್ಲ. ಮಾರ್ಚ್ 20ಕ್ಕೆ ಈ ಪಟ್ಟಿ ಹಿಡ್ಕೊಂಡು ತಾಲ್ಲೂಕು ಕಚೇರಿಗಳಿಗೆ ಹೋಗೋಣ. ಕಾಯೋಕಲ್ಲ, ಕೇಳೋಕೆ.

ರಾಜಗೀರ್‌ಗೆ ಹೋಗೋರು ಚಳಿಗಾಲದಲ್ಲಿ ಹೋಗಿ. ಬುದ್ಧಗಯೆಯಿಂದ ಬೆಳಿಗ್ಗೆ ಬೇಗ ಹೊರಟರೆ ಕುಂಡ, ವೇಳುವನ, ನಳಂದ ಮೂರೂ ಒಂದೇ ದಿನಕ್ಕೆ ಆಗುತ್ತೆ. ಮನೆಯಲ್ಲಿ ದುಡಿದು ಸವೆದ ಕೈಗಳಿದ್ರೆ ಅವರನ್ನೂ ಕರ್ಕೊಂಡು ಹೋಗಿ. ಗೋತ್ರ ಕೇಳಿದ್ರೆ ಏನು ಹೇಳಬೇಕು ಅಂತ ಈಗ ನಿಮಗೆ ಗೊತ್ತಿದೆ.

ಜೈ ಭೀಮ್. ನಮೋ ಬುದ್ಧಾಯ.